ಕೂಸು ಬಡವಾಗದಿರಲಿ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಕುಟುಂಬ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಉಪನ್ಯಾಸ)



ನಮ್ಮ ಧರ್ಮಕೇಂದ್ರವು ನೂರು ವರ್ಷಗಳನ್ನು ಪೂರೈಸಿರುವ ಈ ಶುಭ ಸಂದರ್ಭದಲ್ಲಿ ಕುಟುಂಬ ಜೀವನವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಉತ್ಸವ ಸಮಿತಿಯವರು ನಮ್ಮನ್ನು ಕೇಳಿಕೊಂಡಿದ್ದಾರೆ. ಸ್ಮರಣ ಸಂಚಿಕೆಗೆ ಹಳೆಯ ವಿವರಗಳನ್ನು ಒದಗಿಸುವ ಸಲುವಾಗಿ ಕೆಲವು ತಿಂಗಳುಗಳಿಂದ ನಾವು ಗುರುನಿವಾಸದ ಬೀರುವಿನಲ್ಲಿರುವ ದಾಖಲೆ ಪುಸ್ತಕಗಳನ್ನು ತಿರುವಿಹಾಕುತ್ತಿದ್ದೆವು. ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕ - ಈ ಮೂರರಲ್ಲಿ ನಿಮ್ಮೆಲ್ಲರ ಅಜ್ಜ ಮುತ್ತಜ್ಜಂದಿರ ಹೆಸರುಗಳಿವೆ. ಮಗುವಿನ ತಂದೆತಾಯಿಯರು ಯಾರು, ಜ್ಞಾನಪಿತೃಗಳು ಯಾರು, ಯಾವ ಬೀದಿಯ ಯಾವ ಮನೆ ಎಂಬುದೆಲ್ಲ ಅಂದವಾದ ಬರವಣಿಗೆಯಲ್ಲಿ ಉಳಿದಿದೆ. ಆದರೆ ಜ್ಞಾನಸ್ನಾನಕ್ಕೂ ವಿವಾಹಕ್ಕೂ ನಡುವೆ ಆ ಮಗುವಿನ ಮೇಲೆ ಏನೇನು ನಡೆಯಿತೆಂಬುದಕ್ಕೆ ಯಾವ ಪುಸ್ತಕದಲ್ಲಿಯೂ ಅಂಕಣವಿಲ್ಲ. ಆ ಬರೆಯದೆ ಉಳಿದ ಅಂಕಣವನ್ನು ಕುರಿತೇ ನಾವು ಇಂದು ಮಾತನಾಡಬೇಕೆಂದಿದ್ದೇವೆ.

ಕನ್ನಡದಲ್ಲಿ ಎರಡು ಗಾದೆಗಳಿವೆ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬುದು ಒಂದು. ನೆರೆಮನೆಯಲ್ಲಿ ಕೂಗಾಟ ಕೇಳಿಬಂದಾಗ ನಮ್ಮ ಕಿಟಕಿಯನ್ನು ಮುಚ್ಚಿಕೊಳ್ಳುವುದಕ್ಕೆ ಈ ಗಾದೆಯನ್ನು ಬಳಸುತ್ತೇವೆ. 'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು' ಎಂಬುದು ಇನ್ನೊಂದು. ಮೊದಲನೆಯ ಗಾದೆಯನ್ನು ನಾವು ಮೇಲಿಂದ ಮೇಲೆ ಹೇಳುತ್ತೇವೆ, ಎರಡನೆಯದನ್ನು ಮರೆತುಬಿಡುತ್ತೇವೆ. ದೊಡ್ಡವರು ಉಂಡು ಮಲಗಿದ ಮೇಲೆಯೂ ಆ ಕೂಸು ಎಚ್ಚರವಾಗಿಯೇ ಇರುತ್ತದೆಂಬುದು ಮೊದಲನೆಯ ಗಾದೆಯವರಿಗೆ ತಿಳಿಯದು.

ಅನಾಥ ಮಕ್ಕಳ ಪಾಲನೆ ನಮ್ಮ ಸಭೆಗೆ ಹೊಸದಲ್ಲ. 1876ರಿಂದ 1878ರ ವರೆಗೆ ಮೈಸೂರು ಸೀಮೆಯನ್ನು ಸುಟ್ಟ ಮಹಾ ಬರಗಾಲವನ್ನು ನಮ್ಮ ಹಿರಿಯರು ಮರೆತಿರಲಿಲ್ಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ತಾಯಿತಂದೆಯರನ್ನು ಕಳೆದುಕೊಂಡ ಮಕ್ಕಳನ್ನು ಮಿಷನರಿ ಗುರುಗಳೂ ಕನ್ಯಾಸ್ತ್ರೀಯರೂ ಎತ್ತಿಕೊಂಡರು. ಸಿಲುವೆಪುರದಂತಹ ಕ್ರೈಸ್ತ ಗ್ರಾಮಗಳ ಹಿನ್ನೆಲೆಯಲ್ಲಿರುವುದು ಆ ಬರದ ಅನಾಥ ಮಕ್ಕಳ ಕಥೆಯೇ. 1854ರಲ್ಲಿಯೇ ಬೆಂಗಳೂರಿಗೆ ಬಂದಿದ್ದ ಗುಡ್ ಶೆಫರ್ಡ್ ಸಭೆಯ ಕನ್ಯಾಸ್ತ್ರೀಯರು 1886ರಲ್ಲಿ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ತೆರೆದರು. 1898ರಲ್ಲಿ ಪ್ಲೇಗು ದಂಡಿಗೂ ಪೇಟೆಗೂ ನುಗ್ಗಿದಾಗ ಶಿವಾಜಿನಗರದ ಆರೋಗ್ಯಮಾತೆಯ ಪಾದದಡಿಯಲ್ಲಿ ಎಷ್ಟು ಕುಟುಂಬಗಳು ಕಣ್ಣೀರು ಸುರಿಸಿದವೆಂಬುದನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆಗ ಅನಾಥ ಮಗು ಬೀದಿಯಲ್ಲಿ ಕಾಣುತ್ತಿತ್ತು. ಕಂಡ ಮಗುವನ್ನು ಎತ್ತಿಕೊಳ್ಳುವುದು ಸುಲಭ. ತಂದೆತಾಯಿ ಇಬ್ಬರೂ ಇದ್ದು, ಶುಭ್ರವಾದ ಬಟ್ಟೆ ತೊಟ್ಟು, ಭಾನುವಾರದ ಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಮಗುವಿನ ಒಳಗಿನ ಅನಾಥತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದನ್ನು ಲೆಕ್ಕವಿಟ್ಟು ತೋರಿಸಿದವರು ಇಬ್ಬರು ಅಮೆರಿಕನ್ ವೈದ್ಯರು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ ಡಾ. ವಿನ್ಸೆಂಟ್ ಫೆಲಿಟ್ಟಿ ಎಂಬವರು 1980ರ ದಶಕದಲ್ಲಿ ಅತಿ ಸ್ಥೂಲದೇಹಿಗಳಿಗೆ ಚಿಕಿತ್ಸಾಲಯವೊಂದನ್ನು ನಡೆಸುತ್ತಿದ್ದರು. ಅಲ್ಲಿ ಒಂದು ವಿಚಿತ್ರ ಸಂಗತಿ ಅವರ ಗಮನಕ್ಕೆ ಬಂದಿತು. ಚೆನ್ನಾಗಿ ತೂಕ ಇಳಿಯುತ್ತಿದ್ದವರೇ ಚಿಕಿತ್ಸೆಯನ್ನು ಬಿಟ್ಟು ಹೋಗುತ್ತಿದ್ದರು. ಏಕೆಂದು ಒಬ್ಬೊಬ್ಬರನ್ನೂ ಕೂರಿಸಿ ಕೇಳಿದಾಗ, ಅವರಲ್ಲಿ ಅನೇಕರು ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಈಡಾಗಿದ್ದವರೆಂದು ತಿಳಿಯಿತು. ದಪ್ಪಗಿದ್ದರೆ ಯಾರೂ ತಮ್ಮತ್ತ ನೋಡುವುದಿಲ್ಲವೆಂಬುದೇ ಅವರಿಗೆ ಒಂದು ರಕ್ಷಣೆಯಾಗಿತ್ತು. ವೈದ್ಯರು ರೋಗವೆಂದುಕೊಂಡದ್ದು ರೋಗಿಯ ಪಾಲಿಗೆ ಕೋಟೆಯ ಗೋಡೆಯಾಗಿತ್ತು.

ಮುಂದೆ ಡಾ. ಫೆಲಿಟ್ಟಿಯವರು ಡಾ. ರಾಬರ್ಟ್ ಆಂಡಾ ಎಂಬವರೊಡನೆ ಸೇರಿ 1995ರಿಂದ 1997ರ ವರೆಗೆ 17,000ಕ್ಕೂ ಹೆಚ್ಚು ವಯಸ್ಕರ ಬಾಲ್ಯವನ್ನೂ ಆರೋಗ್ಯವನ್ನೂ ವಿಚಾರಿಸಿದರು. ಮೊದಲ ವರದಿ 1998ರಲ್ಲಿ ಪ್ರಕಟವಾಯಿತು. ಅವರು ಕಡೆಗೆ ಹತ್ತು ಬಗೆಯ ಕಹಿ ಅನುಭವಗಳನ್ನು ಪಟ್ಟಿ ಮಾಡಿದರು. ಮಗುವನ್ನು ಹೊಡೆಯುವುದು, ಹೀಯಾಳಿಸಿ ಹೆದರಿಸುವುದು, ಲೈಂಗಿಕವಾಗಿ ಹಿಂಸಿಸುವುದು; ಅನ್ನ ಬಟ್ಟೆ ಔಷಧಗಳಿಗೆ ಗತಿಯಿಲ್ಲದಂತೆ ಬಿಡುವುದು, ಪ್ರೀತಿಯಿಲ್ಲದೆ ಬಿಡುವುದು; ಮನೆಯಲ್ಲಿ ತಾಯಿಯನ್ನು ಹೊಡೆಯುವುದನ್ನು ಮಗು ಕಾಣುವುದು, ಕುಡಿತ ಅಥವಾ ಮಾದಕ ವಸ್ತುಗಳ ಚಟ, ಮನೋರೋಗ, ತಂದೆತಾಯಿಯರ ಅಗಲಿಕೆ, ಮನೆಯವರೊಬ್ಬರ ಸೆರೆವಾಸ - ಇವೇ ಆ ಹತ್ತು. ಉತ್ತರ ಕೊಟ್ಟವರು ಕೊಳೆಗೇರಿಗಳ ಬಡವರಲ್ಲ. ಬಹುಪಾಲು ಓದು ಬರಹ ಬಲ್ಲ, ವೈದ್ಯಕೀಯ ವಿಮೆಯಿದ್ದ ಮಧ್ಯಮ ವರ್ಗದವರು. ಆದರೂ ಅವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಒಂದಾದರೂ ಅನುಭವಕ್ಕೆ ಗುರಿಯಾಗಿದ್ದರು. ಎಂಟರಲ್ಲಿ ಒಬ್ಬರು ನಾಲ್ಕು ಅಥವಾ ಹೆಚ್ಚಿನದನ್ನು ಅನುಭವಿಸಿದ್ದರು. ಏನೂ ಅನುಭವಿಸದವರಿಗೆ ಹೋಲಿಸಿದರೆ, ಇಂತಹವರಲ್ಲಿ ಕುಡಿತ, ಮಾದಕ ವಸ್ತು, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಸಂಭವ 4ರಿಂದ 12 ಪಟ್ಟು ಹೆಚ್ಚಾಗಿತ್ತು. ಹೃದ್ರೋಗ, ಶ್ವಾಸಕೋಶದ ರೋಗ, ಯಕೃತ್ತಿನ ರೋಗಗಳೂ ಅನುಭವಗಳ ಸಂಖ್ಯೆ ಏರಿದಂತೆಲ್ಲ ಏರುತ್ತಿದ್ದವು.

ಮನಸ್ಸಿನ ನೋವು ಯಕೃತ್ತಿಗೆ ಹೇಗೆ ಇಳಿಯುತ್ತದೆಂದು ನೀವು ಕೇಳಬಹುದು. ಅಪಾಯ ಎದುರಾದಾಗ ನಮ್ಮ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆ ವೇಗವಾಗಿ ಬಡಿಯುತ್ತದೆ, ಕೈಕಾಲುಗಳಿಗೆ ಬಲ ಬರುತ್ತದೆ, ಕಿವಿ ಚುರುಕಾಗುತ್ತದೆ. ಅಪಾಯ ಕಳೆದ ಮೇಲೆ ಎಲ್ಲವೂ ಶಾಂತವಾಗುವುದು ದೇವರ ಏರ್ಪಾಡು. ಆದರೆ ಪ್ರತಿ ಸಂಜೆಯೂ ತಂದೆಯ ಹೆಜ್ಜೆಯ ಸದ್ದನ್ನು ಆಲಿಸುತ್ತ, ಇಂದು ಕುಡಿದಿದ್ದಾನೆಯೋ ಇಲ್ಲವೋ ಎಂದು ಅಳೆಯುತ್ತ ಬೆಳೆಯುವ ಮಗುವಿಗೆ ಆ ಶಾಂತಿಯೇ ಇಲ್ಲ. ಒಲೆಯ ಮೇಲಿಟ್ಟು ಮರೆತ ಪಾತ್ರೆಯ ತಳ ಸೀಯುವಂತೆ, ಇಳಿಯದ ಆ ಭಯ ಬೆಳೆಯುವ ಮಿದುಳಿಗೂ ದೇಹಕ್ಕೂ ಹಾನಿ ಮಾಡುತ್ತದೆ. ಭಯವನ್ನು ಗುರುತಿಸುವ ಭಾಗ ಅತಿ ಚುರುಕಾಗುತ್ತದೆ. ಕಲಿಕೆ, ನೆನಪು, ಸಂಯಮಗಳ ಭಾಗಗಳು ಹಿಂದೆ ಬೀಳುತ್ತವೆ. ಇಂತಹ ಮಗು ತರಗತಿಯಲ್ಲಿ ತೂಕಡಿಸುತ್ತದೆ. ಸಣ್ಣ ಮಾತಿಗೆ ಸಿಡಿದೇಳುತ್ತದೆ. ಇಲ್ಲವೇ ಬಾಯಿಯನ್ನೇ ಬಿಡುವುದಿಲ್ಲ. ದೊಡ್ಡವನಾದ ಮೇಲೆ ಆ ಉರಿಯನ್ನು ಆರಿಸಲು ಕೈಗೆ ಸಿಕ್ಕ ಬಾಟಲಿಯನ್ನು ಹಿಡಿಯುತ್ತಾನೆ. ಹೀಗೆ ತಂದೆಯ ಕುಡಿತ ಮಗನ ಕುಡಿತವಾಗುತ್ತದೆ. 'ವಂಶದ ಗುಣ' ಎಂದು ನಾವು ಕೈ ತೊಳೆದುಕೊಳ್ಳುತ್ತೇವೆ.

ಇದು ಅಮೆರಿಕದ ಸಮಾಚಾರ, ನಮಗೇಕೆ ಎನ್ನುವಂತಿಲ್ಲ. 2007ರಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತನಾಡಿಸಿ ವರದಿಯೊಂದನ್ನು ಹೊರತಂದಿತು. ಮೂವರಲ್ಲಿ ಇಬ್ಬರು ಮಕ್ಕಳು ಏಟು ತಿಂದವರು. ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡವರು. ಅದರಲ್ಲಿ ಹುಡುಗರೂ ಹುಡುಗಿಯರೂ ಇದ್ದರು. ಹಿಂಸಿಸಿದವರಲ್ಲಿ ಅನೇಕರು ಅಪರಿಚಿತರಲ್ಲ, ಮಗು ನಂಬಿದವರೇ.

ನಮ್ಮ ಸುತ್ತಮುತ್ತಲನ್ನೇ ನೋಡೋಣ. 1981ರ ಜುಲೈ ತಿಂಗಳಲ್ಲಿ ವಿಷಮಿಶ್ರಿತ ಮದ್ಯ ಕುಡಿದು ನಮ್ಮ ನಗರದಲ್ಲಿ ಜನ ಗುಂಪುಗುಂಪಾಗಿ ಸತ್ತರು. ಸತ್ತವರು ಮುನ್ನೂರಕ್ಕೂ ಹೆಚ್ಚು. ಸತ್ತವರನ್ನು ಎಣಿಸಿದೆವು, ಅವರು ಬಿಟ್ಟುಹೋದ ಮಕ್ಕಳನ್ನು ಎಣಿಸಿದವರಾರು? 2007ರ ಜುಲೈ 1ರಿಂದ ಸರ್ಕಾರವು ಸಾರಾಯಿಯನ್ನು ನಿಷೇಧಿಸಿತು. ಸಾರಾಯಿಯ ಪ್ಯಾಕೆಟ್ಟು ಹೋಗಿ ಅಗ್ಗದ ವಿಸ್ಕಿಯ ಪ್ಯಾಕೆಟ್ಟು ಬಂದಿತು. ಹಲಸೂರು, ಮರ್ಫಿ ಟೌನ್, ಗೌತಮಪುರಗಳ ಒಂದೇ ಕೋಣೆಯ ಮನೆಗಳಲ್ಲಿ ಜಗಳ ನಡೆದರೆ ಮಗುವಿಗೆ ಹೋಗಲು ಬೇರೆ ಕೋಣೆಯಿಲ್ಲ. ಇಂದಿರಾನಗರದ ಎತ್ತರದ ಮನೆಗಳಲ್ಲಿ ಕೋಣೆಗಳಿವೆ, ಆದರೆ ಮಗುವಿನೊಡನೆ ಮಾತನಾಡುವವರಿಲ್ಲ. ಕೃಷ್ಣರಾಜಪುರದ ಆಚೆ ದಿನವೂ ಏಳುತ್ತಿರುವ ಕಟ್ಟಡಗಳ ಬಳಿ ತಗಡಿನ ಗುಡಿಸಲುಗಳಲ್ಲಿ ಉತ್ತರ ಕರ್ನಾಟಕದ ಹಾಗೂ ಬೇರೆ ರಾಜ್ಯಗಳ ಕೂಲಿಕಾರರ ಮಕ್ಕಳು ತಮಗಿಂತ ಚಿಕ್ಕ ಮಕ್ಕಳನ್ನು ಎತ್ತಿಕೊಂಡು ನಿಂತಿರುತ್ತಾರೆ. ಮನೆಯಿಂದ ಓಡಿಬಂದು ರೈಲು ನಿಲ್ದಾಣಗಳಲ್ಲಿ ಇಳಿಯುವ ಮಕ್ಕಳಿಗಾಗಿ ಸಲೇಶಿಯನ್ ಸಭೆಯವರು 1980ರಲ್ಲಿ 'ಬಾಸ್ಕೋ' ಸಂಸ್ಥೆಯನ್ನು ಆರಂಭಿಸಿದರು. ಪೇಟೆಯ ಮೋಜಿಗಾಗಿಯೇ ಮಗು ಮನೆ ಬಿಡುವುದೆಂದು ನಾವು ಭಾವಿಸಬಾರದು. ಎಷ್ಟೋ ಸಲ ಅದು ಮನೆಯೊಳಗಿನ ಪೆಟ್ಟಿಗೆ ಅಂಜಿ ಓಡಿಬಂದಿರುತ್ತದೆ.

ಇಲ್ಲಿ ನಾವು ನಮ್ಮದೇ ತಪ್ಪೊಂದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ, ಗುರುಪಟ್ಟವಾದ ಹೊಸತರಲ್ಲಿ, ಬೇರೊಂದು ಧರ್ಮಕೇಂದ್ರದಲ್ಲಿ ನಾವು ಸಹಾಯಕ ಗುರುವಾಗಿದ್ದೆವು. ಜ್ಞಾನೋಪದೇಶದ ತರಗತಿಯಲ್ಲಿ ಹತ್ತು ವರ್ಷದ ಹುಡುಗನೊಬ್ಬ ಪ್ರತಿ ಭಾನುವಾರವೂ ನಿದ್ದೆ ಹೋಗುತ್ತಿದ್ದ. ಎರಡು ಸಲ ಎಬ್ಬಿಸಿ ನಿಲ್ಲಿಸಿದೆವು. ಮೂರನೆಯ ಸಲ ಬೆತ್ತದಿಂದ ಕೈಯ ಮೇಲೆ ಹೊಡೆದೆವು. ಅವನು ಅಳಲಿಲ್ಲ. ಅಳದಿರುವುದನ್ನು ಕಂಡು ಮೊಂಡನೆಂದು ಇನ್ನೆರಡು ಕೊಟ್ಟೆವು. ಅದೇ ವಾರ ಅವನ ತಾಯಿ ಬಂದು, ಗಂಡನ ಹೊಡೆತ ತಾಳಲಾರೆನೆಂದು ಕಣ್ಣೀರಿಟ್ಟಳು. ಗುರುಮಠದಲ್ಲಿ ದೈವಶಾಸ್ತ್ರವನ್ನೂ ತತ್ವಶಾಸ್ತ್ರವನ್ನೂ ಓದಿ ಬಂದಿದ್ದ ನಾವು, "ಸಹಿಸಿಕೊಳ್ಳಮ್ಮ, ಜಪಸರ ಮಾಡು, ಎಲ್ಲಾ ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸಿದೆವು. ಆ ಹುಡುಗ ಅವಳ ಮಗನೆಂದು ನಮಗೆ ತಿಳಿದಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿಲ್ಲ.

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಳೆದ ಮೇಲೆ ಆಸ್ಪತ್ರೆಯೊಂದರಿಂದ ರೋಗಿಗಳ ಅಭ್ಯಂಗನಕ್ಕೆ ನಮ್ಮನ್ನು ಕರೆದರು. ಹಾಸಿಗೆಯ ಮೇಲಿದ್ದವನು ಅವನೇ. ಯಕೃತ್ತು ಕುಡಿತದಿಂದ ಕೆಟ್ಟು ಹೊಟ್ಟೆ ಊದಿಕೊಂಡಿತ್ತು. ಅವನಿಗೆ ನಮ್ಮ ಗುರುತು ಸಿಕ್ಕಿತು. ಆ ದಿನಗಳಲ್ಲಿ ಅಪ್ಪ ಮನೆಗೆ ಬಂದ ಮೇಲೆ ತಾನೂ ತಂಗಿಯೂ ಹೊರಗೆ ಓಡಿ, ರಾತ್ರಿಯೆಲ್ಲ ದೇವಾಲಯದ ಮೆಟ್ಟಿಲ ಮೇಲೆ ಕೂರುತ್ತಿದ್ದೆವೆಂದು ಹೇಳಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೊಡೆದದ್ದಕ್ಕೆ ಬೇಜಾರಿಲ್ಲ ಫಾದರ್. ಯಾಕೆ ನಿದ್ದೆ ಬರುತ್ತೆ ಅಂತ ಒಂದು ಸಲ ಕೇಳಿದ್ದಿದ್ದರೆ ಹೇಳ್ತಿದ್ದೆ" ಎಂದ. ನಾಲ್ಕನೆಯ ದಿನ ಅವನನ್ನು ಸಮಾಧಿ ಮಾಡಿದೆವು. ಅವನ ಮಗ, ಹತ್ತು ಹನ್ನೊಂದು ವರ್ಷದವನು, ಪೆಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ. ಅವನೂ ಅಳುತ್ತಿರಲಿಲ್ಲ.

ಅಂದಿನಿಂದ ಆ ಮಾತನ್ನು ನಾವು ಹೊತ್ತುಕೊಂಡೇ ತಿರುಗುತ್ತಿದ್ದೇವೆ. ಈ ಉಪನ್ಯಾಸಕ್ಕೆ ಕಾರಣವೂ ಅದೇ.

ಹಾಗಾದರೆ ಪೆಟ್ಟು ತಿಂದ ಮಗುವಿನ ಬಾಳು ಮುಗಿದೇ ಹೋಯಿತೇ? ಇಲ್ಲ. ನಾವು ಹೇಳಿದ ಅಂಕಿಗಳು ಜಾತಕವಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಕುಡಿತ, ಮನೋರೋಗ, ಒಡೆದ ಸಂಸಾರಗಳ ನಡುವೆ ಬೆಳೆದ ಮಕ್ಕಳಲ್ಲಿಯೂ ಮೂರರಲ್ಲಿ ಒಂದು ಪಾಲು ಸಮರ್ಥರೂ ಕರುಣೆಯುಳ್ಳವರೂ ಆಗಿ ಬೆಳೆದರು. ಇಂತಹ ಮಕ್ಕಳ ಬಾಳಿನಲ್ಲಿ ಮೇಲಿಂದ ಮೇಲೆ ಕಂಡುಬಂದ ಸಂಗತಿಯೊಂದಿತ್ತು. ಅಜ್ಜಿಯೋ, ಚಿಕ್ಕಮ್ಮನೋ, ಶಾಲೆಯ ಉಪಾಧ್ಯಾಯರೋ, ದೇವಾಲಯದ ಹಿರಿಯರೋ - ಬದಲಾಗದೆ ನಿಂತ ಒಬ್ಬರಾದರೂ ಅವರಿಗೆ ಇದ್ದರು. ಒಬ್ಬರು ಸಾಕಾಗಬಹುದಾಗಿತ್ತು. ಆ ಹುಡುಗನಿಗೆ ಆ ಒಬ್ಬರು ನಾವಾಗಬಹುದಾಗಿತ್ತು.

ಈಗ ತಡೆಯುವ ಬಗೆಯನ್ನು ನೋಡೋಣ. ಶತಮಾನೋತ್ಸವದ ನೆನಪಿಗೆ ಗಂಟೆಗೋಪುರಕ್ಕೆ ಬಣ್ಣ ಬಳಿದಿದ್ದೇವೆ. ಅದರೊಡನೆ ಐದು ಕಾರ್ಯಗಳನ್ನು ಕೈಗೊಳ್ಳಬೇಕೆಂದು ನಮ್ಮ ಬಿನ್ನಹ.

ಮೊದಲನೆಯದು, ಬಾಣಂತಿಯ ಮನೆಗೆ ಹೋಗುವುದು. ಅಮೆರಿಕದ ಎಲ್ಮೈರಾ ಎಂಬ ಊರಿನಲ್ಲಿ 1977ರಿಂದ ದಾದಿಯರು ಚೊಚ್ಚಲ ಬಸುರಿಯರ ಮನೆಗೆ ಹೋಗಿ, ಮಗುವಿಗೆ ಎರಡು ವರ್ಷ ತುಂಬುವ ತನಕ ತಾಯಿಗೆ ಆಸರೆಯಾಗಿ ನಿಂತರು. ಹದಿನೈದು ವರ್ಷಗಳ ನಂತರ ನೋಡಿದಾಗ ಆ ಮನೆಗಳಲ್ಲಿ ಮಕ್ಕಳ ಹಿಂಸೆ ಹಾಗೂ ಅಲಕ್ಷ್ಯದ ವರದಿಗಳು ಉಳಿದ ಮನೆಗಳಿಗಿಂತ ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು. ನಮ್ಮಲ್ಲಿ ಅಂಗನವಾಡಿ ಕಾರ್ಯಕರ್ತೆಯರೂ ಆಶಾ ಕಾರ್ಯಕರ್ತೆಯರೂ ಇದ್ದಾರೆ. ಅವರೊಡನೆ ನಮ್ಮ ತಾಯಂದಿರ ಸಂಘದವರೂ ಕೈಗೂಡಿಸಲಿ. ಜ್ಞಾನಸ್ನಾನದ ಕೇಕು ತಿಂದು ಬರುವುದಷ್ಟೇ ಅಲ್ಲ, ನಿದ್ದೆಗೆಟ್ಟ ತಾಯಿ ಎರಡು ಗಂಟೆ ಮಲಗಲೆಂದು ಮಗುವನ್ನು ಎತ್ತಿಕೊಂಡು ಕುಳಿತುಕೊಳ್ಳುವುದೂ ಸೇವೆಯೇ.

ಎರಡನೆಯದು, ಕುಡಿತವನ್ನು ರೋಗವೆಂದು ಕಾಣುವುದು. ಬಲಿಪೀಠದಿಂದ ಬೈದು ಕುಡಿತ ಬಿಡಿಸಿದವರು ಯಾರೂ ಇಲ್ಲ. ನಾವೂ ಬೈದು ನೋಡಿದ್ದೇವೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಘದ ಸಭೆಗಳು ನಮ್ಮ ನಗರದಲ್ಲಿ ನಡೆಯುತ್ತವೆ. ಮನಸ್ಸಿನ ಸಂಕಟಕ್ಕೆ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಹೊಡೆತ ತಿನ್ನುವ ತಾಯಿಗೆ ಇನ್ನು ಮುಂದೆ 'ಸಹಿಸಿಕೋ' ಎಂಬ ಉಪದೇಶ ಈ ಗುರುನಿವಾಸದಿಂದ ಹೊರಡುವುದಿಲ್ಲ. ಮೊದಲು ಅವಳಿಗೂ ಮಕ್ಕಳಿಗೂ ರಕ್ಷಣೆ. ಸಂಧಾನದ ಮಾತು ಆಮೇಲೆ.

ಮೂರನೆಯದು, ಬೆತ್ತವನ್ನು ಬಿಡುವುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸ್ವೀಡನ್ ದೇಶವು 1979ರಲ್ಲಿಯೇ ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿತು. 'ನಾವು ಏಟು ತಿಂದೇ ಬೆಳೆದವರು, ನಮಗೇನಾಯಿತು?' ಎಂದು ನೀವು ಕೇಳಬಹುದು. ಕುರುಬನ ಕೈಯಲ್ಲಿಯೂ ಕೋಲಿರುತ್ತದೆ. ಅದು ತೋಳವನ್ನು ಅಟ್ಟುವುದಕ್ಕೆ, ಮರಿಯ ಬೆನ್ನು ಮುರಿಯುವುದಕ್ಕಲ್ಲ. ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಭಯದಿಂದ ಬಂದ ಶಿಸ್ತು ಬೆತ್ತದ ಜೊತೆಯಲ್ಲಿಯೇ ಹೊರಟುಹೋಗುತ್ತದೆ.

ನಾಲ್ಕನೆಯದು, ಮಗುವಿನ ಮಾತನ್ನು ನಂಬುವುದು. 'ಮಾಮ ಹಾಗೆ ಮಾಡುವವರಲ್ಲ, ಸುಮ್ಮನಿರು' ಎಂದು ತಾಯಿಯೊಬ್ಬಳು ಹೇಳಿದರೆ ಮಗುವಿಗೆ ಆಗುವ ಗಾಯ ಮೊದಲನೆಯದಕ್ಕಿಂತ ಕಿರಿದಲ್ಲ. ಮಾನ ಹೋಗುತ್ತದೆಂದು ಮುಚ್ಚಿಟ್ಟರೆ ಉಳಿಯುವುದು ಅಪರಾಧಿಯ ಮಾನ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ, ಇಂತಹ ಅಪರಾಧ ನಡೆದಿರುವುದನ್ನು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಅಪರಾಧ. ಸಂಕಟದಲ್ಲಿರುವ ಯಾವ ಮಗುವಿಗಾಗಿಯಾದರೂ ಹಗಲು ರಾತ್ರಿ 1098 ಸಂಖ್ಯೆಗೆ ಕರೆ ಮಾಡಬಹುದು. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವಿಗೆ ಆಸರೆಯ ಏರ್ಪಾಡಾಗುತ್ತದೆ. ಈ ಸಂಖ್ಯೆಯನ್ನು ದೇವಾಲಯದ ಪ್ರಕಟಣಾ ಫಲಕದಲ್ಲಿ, ಮಕ್ಕಳ ಕಣ್ಣಿಗೆ ಎಟಕುವ ಎತ್ತರದಲ್ಲಿ, ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲಿಯೂ ಬರೆಸುತ್ತೇವೆ.

ಐದನೆಯದು, ನಮ್ಮ ಮನೆಯನ್ನೇ ಶುಚಿಯಾಗಿಡುವುದು. ಗುರುಗಳ ಉಡುಪನ್ನು ತೊಟ್ಟವರಿಂದಲೂ ಮಕ್ಕಳಿಗೆ ಹಿಂಸೆಯಾಗಿದೆ. ಅದನ್ನು ಬಲ್ಲವರು ಮುಚ್ಚಿಟ್ಟದ್ದೂ ಉಂಟು. ಲೋಕದ ಅನೇಕ ದೇಶಗಳಲ್ಲಿ ಇದು ಬಯಲಾಗಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಹೇಳದಿದ್ದರೆ ಪಾಪವಾಗುತ್ತದೆ. 2019ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಹೊರಡಿಸಿದ ಆಜ್ಞೆಯಂತೆ ಇಂತಹ ದೂರನ್ನು ಗುರುಗಳೂ ಕನ್ಯಾಸ್ತ್ರೀಯರೂ ಮೇಲಿನವರಿಗೆ ವರದಿ ಮಾಡುವುದು ಕಡ್ಡಾಯ. ಆದುದರಿಂದ ನಮ್ಮಲ್ಲಿಯೂ ಮುಚ್ಚಿದ ಬಾಗಿಲ ಹಿಂದೆ ಒಬ್ಬ ದೊಡ್ಡವರು ಒಂದು ಮಗುವಿನೊಡನೆ ಇರತಕ್ಕದ್ದಲ್ಲ. ಪೂಜಾಸಾಮಗ್ರಿಯ ಕೋಣೆಗೂ ಗಾನವೃಂದದ ಅಭ್ಯಾಸಕ್ಕೂ ಪ್ರವಾಸಕ್ಕೂ ಈ ನಿಯಮ ಒಂದೇ. ಇದು ನಮಗೂ ಅನ್ವಯಿಸುತ್ತದೆ. ತಪ್ಪಿದರೆ ಕೇಳುವ ಹಕ್ಕು ನಿಮಗಿದೆ.

ಪ್ರಿಯರೇ, ಸ್ವರ್ಗಸಾಮ್ರಾಜ್ಯದಲ್ಲಿ ದೊಡ್ಡವರಾರೆಂದು ಶಿಷ್ಯರು ಕೇಳಿದಾಗ ಪ್ರಭು ಯೇಸು ಮಗುವೊಂದನ್ನು ಕರೆದು ಅವರ ನಡುವೆ ನಿಲ್ಲಿಸಿದರೆಂದು ಸಂತ ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಓದುತ್ತೇವೆ. ಈ ನೂರು ವರ್ಷಗಳಲ್ಲಿ ನಮ್ಮ ವೇದಿಕೆಗಳ ನಡುವೆ ಅನೇಕ ದೊಡ್ಡವರು ಕುಳಿತಿದ್ದಾರೆ. ಮಕ್ಕಳು ಸ್ವಾಗತ ಗೀತೆ ಹಾಡಿ ಬದಿಗೆ ಸರಿದಿದ್ದಾರೆ. ಇನ್ನು ಮುಂದೆ ಅವರನ್ನು ನಡುವೆ ನಿಲ್ಲಿಸೋಣ.

ಆ ಮೆಟ್ಟಿಲ ಮೇಲೆ ರಾತ್ರಿ ಕುಳಿತಿದ್ದ ಇಬ್ಬರು ಮಕ್ಕಳನ್ನು ನಾವು ಮರೆತಿಲ್ಲ. ಅವರ ಬೆನ್ನ ಹಿಂದಿದ್ದ ದೇವಾಲಯದ ಬಾಗಿಲಿಗೆ ಬೀಗ ಹಾಕಿದ್ದೆವು. ಈ ಧರ್ಮಕೇಂದ್ರದಲ್ಲಿ ಗುರುನಿವಾಸದ ಮುಂಬಾಗಿಲಿನ ಗಂಟೆಯನ್ನು ಮಕ್ಕಳ ಕೈಗೆ ಎಟಕುವಂತೆ ಕೆಳಗೆ ಇಳಿಸಿ ಹಾಕಿಸಿದ್ದೇವೆ. ಯಾವ ಹೊತ್ತಿನಲ್ಲಿ ಬಾರಿಸಿದರೂ ನಾವು ಎದ್ದು ಬರುತ್ತೇವೆ. ಕನ್ಯಾಮಠದ ಭಗಿನಿಯರೂ ಒಡನೆ ಬರಲು ಒಪ್ಪಿದ್ದಾರೆ. ನಿಮ್ಮ ನಿಮ್ಮ ಬೀದಿಯಲ್ಲಿಯೂ ಅಂತಹ ಒಂದು ಬಾಗಿಲಿರಲಿ, ನಮ್ಮಲ್ಲಿ ಯಾವ ಕೂಸೂ ಬಡವಾಗದಿರಲಿ ಎಂದು ಹಾರೈಸಿ, ಆರೋಗ್ಯಮಾತೆಯ ಆಶ್ರಯದಲ್ಲಿ ನಿಮ್ಮೆಲ್ಲರ ಮಕ್ಕಳನ್ನು ಒಪ್ಪಿಸಿ, ನಮ್ಮ ಮಾತನ್ನು ಮುಗಿಸುತ್ತೇವೆ.